ಕೂಡಿ ಹಾಡದೆ ಉಳಿದವರು

ತುಮಕೂರು ರಸ್ತೆಯಲ್ಲಿ ಪೀಣ್ಯ, ದಾಸರಹಳ್ಳಿ, ನಾಗಸಂದ್ರ ದಾಟಿ ಮುಂದೆ ಹೋದರೆ ಮಾದಾವರ. ಅಲ್ಲಿಯ ನೈಸ್ ಮೈದಾನ ಈಗ ದೊಡ್ಡ ದೊಡ್ಡ ಸಂಗೀತ ಕಾರ್ಯಕ್ರಮಗಳ ಜಾಗ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂತು. ಮೂರು ತಿಂಗಳು ಕಳೆಯುವಷ್ಟರಲ್ಲಿ, 2025ರ ಫೆಬ್ರುವರಿ 8 ಮತ್ತು 9ರಂದು, ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಇಲ್ಲಿ ಹಾಡಿದರು. 9ರ ಬೆಳಿಗ್ಗೆ ಅವರು ಚರ್ಚ್ ಸ್ಟ್ರೀಟ್‌ನಲ್ಲಿ ಗಿಟಾರ್ ಹಿಡಿದು ನಿಂತದ್ದು, ಪೊಲೀಸರು ಬಂದು ಮೈಕಿನ ತಂತಿ ಕಿತ್ತದ್ದು ದೇಶವೆಲ್ಲ ನೋಡಿದ ಸುದ್ದಿ. ಅದಕ್ಕಿಂತ ಕಡಿಮೆ ಚರ್ಚೆಯಾದ ಸಂಗತಿ ಇನ್ನೊಂದಿದೆ. ಚೆನ್ನೈನ ಕಾರ್ಯಕ್ರಮದಲ್ಲಿ ಅವರ ಪಕ್ಕ ಎ.ಆರ್. ರೆಹಮಾನ್ ನಿಂತಿದ್ದರು. ಬೆಂಗಳೂರಿನಲ್ಲಿ ಶಿಲ್ಪಾ ರಾವ್ ಬಂದರು. ಇಬ್ಬರೂ ಸೇರಿ ತೆಲುಗಿನ ‘ದೇವರ’ ಚಿತ್ರದ ಹಾಡು ಹಾಡಿದರು.

ತೆಲುಗು ಹಾಡಿದ್ದಕ್ಕೆ ನನಗೆ ಬೇಸರವಿಲ್ಲ. ಹೊರದೇಶದ ಗಾಯಕನೊಬ್ಬ ನಮ್ಮ ನೆರೆಯ ನುಡಿಯನ್ನು ಬಾಯಿಪಾಠ ಮಾಡಿ ಹಾಡಿದ್ದು ಸಂತೋಷದ ವಿಷಯವೇ. ನನ್ನ ಮನಸ್ಸಿನಲ್ಲಿ ಉಳಿದ ಪ್ರಶ್ನೆ ಬೇರೆ. ಆ ದಿನ ಒಬ್ಬ ಕನ್ನಡ ಗಾಯಕಿಯನ್ನೋ ತತ್ವಪದಕಾರನನ್ನೋ ಅವರ ಪಕ್ಕ ನಿಲ್ಲಿಸಬೇಕೆಂದು ಯಾರಾದರೂ ಬಯಸಿದ್ದರೆ, ಅವರಿಬ್ಬರೂ ಮೊದಲು ಎಲ್ಲಿ ಭೇಟಿಯಾಗುತ್ತಿದ್ದರು? ಯಾವ ಮನೆಯಲ್ಲಿ, ಯಾವ ಕೋಣೆಯಲ್ಲಿ ಕೂತು ಶ್ರುತಿ ಹೊಂದಿಸಿಕೊಳ್ಳುತ್ತಿದ್ದರು?

ದೊಡ್ಡ ಕಲಾವಿದರು ಕೂಡಿ ಕೆಲಸ ಮಾಡಲಿಲ್ಲ ಎಂದಾಗ ನಾವು ಮೊದಲು ಹುಡುಕುವುದು ಮನಸ್ತಾಪವನ್ನು. ಇವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಅವರಿಗೆ ಬಿಗುಮಾನ ಎಂದು ಕಥೆ ಕಟ್ಟುತ್ತೇವೆ. ಕನ್ನಡದ ಮಟ್ಟಿಗೆ ಯೋಚಿಸಿದಷ್ಟೂ ನನಗೆ ಕಾಣುವುದು ಬೇರೆ ಕಾರಣ. ಇಬ್ಬರು ಸಂಗೀತಗಾರರು ಯಾವ ಕಾರ್ಯಕ್ರಮದ ಹಂಗೂ ಇಲ್ಲದೆ ಒಂದು ಮಧ್ಯಾಹ್ನ ಎದುರುಬದುರು ಕೂರುವ ಜಾಗ ಸಿಗಬೇಕು. ಅದು ಸಿಕ್ಕಾಗ ಬಿಡುವೂ ಇರಬೇಕು. ಇವೆರಡೂ ಒದಗಿದ ಕಡೆ ಊಹೆಗೂ ಮೀರಿದ ಜೋಡಿಗಳು ಆಗಿವೆ. ಒದಗದ ಕಡೆ, ಮನಸ್ಸು ಎಷ್ಟೇ ಇದ್ದರೂ ಆಗಿಲ್ಲ.

ಹೊರಗಿನ ಒಂದು ಉದಾಹರಣೆ ಹೇಳಿ ನಮ್ಮ ಊರಿಗೆ ಬರುತ್ತೇನೆ. 1969ರ ಅಕ್ಟೋಬರ್‌ನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಲಂಡನ್ನಿಗೆ ಒಂದು ಟೆಲಿಗ್ರಾಂ ಕಳಿಸಿದರು. ತಾನು, ಜಾಝ್ ತುತ್ತೂರಿಯ ಮೈಲ್ಸ್ ಡೇವಿಸ್, ಡ್ರಮ್ಸ್‌ನ ಟೋನಿ ವಿಲಿಯಮ್ಸ್ ಸೇರಿ ಧ್ವನಿಮುದ್ರಣ ಮಾಡುತ್ತಿದ್ದೇವೆ, ಬಾಸ್ ಗಿಟಾರ್ ನುಡಿಸಲು ಬನ್ನಿ ಎಂದು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಗೆ ಕರೆ. ಮೆಕಾರ್ಟ್ನಿ ಊರಿನಲ್ಲಿರಲಿಲ್ಲ. ಮುಂದಿನ ಸೆಪ್ಟೆಂಬರ್‌ನಲ್ಲಿ ಹೆಂಡ್ರಿಕ್ಸ್ ತೀರಿಕೊಂಡರು. ಜಗಳವಿಲ್ಲ, ಬಿಗುಮಾನವಿಲ್ಲ. ಕರೆದ ಹೊತ್ತಿಗೆ ಮನುಷ್ಯ ಮನೆಯಲ್ಲಿರಲಿಲ್ಲ, ಅಷ್ಟೇ.

*

ಬೆಂಗಳೂರಿನ ಮತ್ತೊಂದು ಅಂಚಿನಲ್ಲಿ, ಹಳೆ ಮದ್ರಾಸು ರಸ್ತೆಯ ಕೃಷ್ಣರಾಜಪುರದ ಬಳಿ, ದೂರವಾಣಿನಗರವಿದೆ. ಇಂದು ವೈಟ್‌ಫೀಲ್ಡ್ ಕಡೆಗೆ ಹೋಗುವ ಮೆಟ್ರೊ ಪ್ರಯಾಣಿಕರಲ್ಲಿ ಎಷ್ಟು ಜನಕ್ಕೆ ಈ ಹೆಸರಿನ ಹಿನ್ನೆಲೆ ಗೊತ್ತೋ ತಿಳಿಯದು. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಎಲ್ಲರ ಬಾಯಲ್ಲಿ ಐಟಿಐ, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ದೇಶದ ಮನೆ, ಕಚೇರಿಗಳ ಕಪ್ಪು ಟೆಲಿಫೋನುಗಳು ಅಲ್ಲಿ ತಯಾರಾದವು. ಆ ಸಂಸ್ಥೆಯಲ್ಲಿ 27 ವರ್ಷ ದುಡಿದು ನಿವೃತ್ತರಾದ ಒಬ್ಬ ಅಧಿಕಾರಿಯ ಹೆಸರು ಸಿ. ಅಶ್ವತ್ಥ್.

ಶಿಶುನಾಳ ಷರೀಫರ ತತ್ವಪದಗಳನ್ನು ಇಡೀ ನಾಡಿನ ನಾಲಿಗೆಯ ಮೇಲೆ ಕೂರಿಸಿದ ಅಶ್ವತ್ಥ್, ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಗೆ ರಾಗ ಹಾಕಿದ ಅಶ್ವತ್ಥ್ ಕಾರ್ಖಾನೆಯ ನೌಕರರಾಗಿದ್ದರು ಎಂಬುದನ್ನು ನಾನು ಬರಿಯ ಮಾಹಿತಿಯಾಗಿ ಹೇಳುತ್ತಿಲ್ಲ. ಆ ಕಾಲದ ಬೆಂಗಳೂರಿನ ಹೊರವಲಯ ಹಾಗಿತ್ತು. ಐಟಿಐ, ಎಚ್‌ಎಎಲ್, ಜಾಲಹಳ್ಳಿಯ ಬಿಇಎಲ್ ಮತ್ತು ಎಚ್‌ಎಂಟಿ, ಎಲ್ಲ ಕಡೆ ಕನ್ನಡ ಸಂಘಗಳಿದ್ದವು, ಕಾಲೊನಿಯಲ್ಲಿ ಸಭಾಂಗಣವಿತ್ತು, ಶಿಫ್ಟ್ ಮುಗಿಸಿ ಬಂದವರು ನಾಟಕದ ತಾಲೀಮಿಗೆ, ಹಾಡಿನ ತಾಲೀಮಿಗೆ ಕೂರುತ್ತಿದ್ದರು. ಕವಿಗಳು ಬಂದು ಓದುತ್ತಿದ್ದರು. ತಿಂಗಳ ಸಂಬಳ ಖಾತ್ರಿಯಿದ್ದವನು ಸಂಜೆಯ ಹೊತ್ತನ್ನು ಸಂಗೀತಕ್ಕೆ ಕೊಡಬಲ್ಲವನಾಗಿದ್ದ. ಕನ್ನಡ ಸುಗಮ ಸಂಗೀತದ ಬೆಳವಣಿಗೆಯಲ್ಲಿ ಈ ಸಂಬಳದ ಪಾಲು ದೊಡ್ಡದೆಂದು ನನ್ನ ನಂಬಿಕೆ. ಇದನ್ನು ಬರೆದವರು ಕಡಿಮೆ.

ಅಶ್ವತ್ಥ್ ಒಂಟಿ ಕೆಲಸಗಾರರೂ ಅಲ್ಲ. ಎಲ್. ವೈದ್ಯನಾಥನ್ ಜೊತೆ ಸೇರಿ ‘ಅಶ್ವತ್ಥ್-ವೈದಿ’ ಎಂಬ ಹೆಸರಿನಲ್ಲಿ ಚಿತ್ರಗಳಿಗೆ ಸಂಗೀತ ಕೊಟ್ಟವರು. ‘ನಾರದ ವಿಜಯ’, ‘ಅನುಪಮ’, ‘ಆಲೆಮನೆ’ ಈ ಜೋಡಿಯ ಕೆಲಸ. ಕರ್ನಾಟಕ ಸಂಗೀತದ ಮನೆತನದಿಂದ ಬಂದ, ವಾದ್ಯಗೋಷ್ಠಿಯ ಹಿಡಿತವಿದ್ದ ವೈದ್ಯನಾಥನ್; ಕವಿತೆಯ ಒಳಧ್ವನಿ ಹಿಡಿಯುವ ಅಶ್ವತ್ಥ್. ಈ ಇಬ್ಬರ ನಡುವೆ ಆದದ್ದು ಅಶ್ವತ್ಥ್ ಮತ್ತು ಮೈಸೂರು ಅನಂತಸ್ವಾಮಿ ನಡುವೆ ಆಗಲಿಲ್ಲವಲ್ಲ ಎಂಬ ಕೊರಗು ನನ್ನದು.

ಅನಂತಸ್ವಾಮಿ ಹುಟ್ಟಿದ್ದು 1936ರಲ್ಲಿ, ಅಶ್ವತ್ಥ್ 1939ರಲ್ಲಿ. ಸರೀಕರು. ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆ ಕ್ಯಾಸೆಟ್ ರೂಪದಲ್ಲಿ ಮನೆಮನೆ ಹೊಕ್ಕ ಕಥೆ ಅಲ್ಲಿಂದ ಶುರು. ಇಬ್ಬರ ಗುಣ ಪೂರ್ತಿ ಬೇರೆ. ಅನಂತಸ್ವಾಮಿಯವರ ಧಾಟಿಯಲ್ಲಿ ಮಾತು ಮುಂದೆ, ರಾಗ ಅದರ ಬೆನ್ನಿಗೆ. ಮಕ್ಕಳೂ ಕಲಿಯಬಹುದು, ಕೂಡಿ ಹಾಡಬಹುದು. ಅಶ್ವತ್ಥ್ ಧಾಟಿಯಲ್ಲಿ ಒಂದು ಸಾಲಿನ ಕೊನೆಗೆ ದನಿ ತಟ್ಟನೆ ಮೇಲಕ್ಕೆ ಹಾರಿ ನಿಲ್ಲುತ್ತದೆ, ಕೇಳುವವನ ಎದೆ ಝಲ್ಲೆನ್ನುತ್ತದೆ. ಒಬ್ಬರು ಗುಂಪಿಗೆ ಹಾಡು ಕಟ್ಟಿದರು, ಇನ್ನೊಬ್ಬರು ಗುಂಪಿನ ಎದುರು ನಿಲ್ಲುವ ಗಾಯಕನಿಗೆ. ಈ ಎರಡು ಗುಣ ಒಂದೇ ಹಾಡಿನಲ್ಲಿ ಸೇರಿದ್ದರೆ ಹೇಗಿರುತ್ತಿತ್ತು?

ಸೇರಬಹುದಾಗಿದ್ದ ಹಾಡು ಒಂದಿತ್ತು. ಕುವೆಂಪು ಅವರ ಕವಿತೆ. ಇಬ್ಬರೂ ಅದಕ್ಕೆ ಬೇರೆ ಬೇರೆಯಾಗಿ ರಾಗ ಹಾಕಿದರು. ಅನಂತಸ್ವಾಮಿ 1995ರ ಜನವರಿಯಲ್ಲಿ ತೀರಿಕೊಂಡರು. ಕವಿತೆ ನಾಡಗೀತೆಯೆಂದು ಘೋಷಣೆಯಾದದ್ದು 2004ರ ಜನವರಿಯಲ್ಲಿ. ಅಂದರೆ ‘ಇಬ್ಬರೂ ಕೂತು ಒಂದು ಧಾಟಿ ಕೊಡಿ’ ಎಂದು ನಾಡು ಕೇಳಬಹುದಾಗಿದ್ದ ಹೊತ್ತಿಗೆ ಒಬ್ಬರು ಹೋಗಿ ಒಂಬತ್ತು ವರ್ಷವಾಗಿತ್ತು. ಮರುವರ್ಷ, 2005ರ ಏಪ್ರಿಲ್‌ನಲ್ಲಿ, ಅರಮನೆ ಮೈದಾನದಲ್ಲಿ ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ನಡೆಯಿತು. ಸಿನಿಮಾ ನಟರಿಲ್ಲದೆ, ಬರಿಯ ಕವಿತೆಗಾಗಿ ಅಷ್ಟು ಜನ ಸೇರಿದ್ದನ್ನು ಬೆಂಗಳೂರು ಅದಕ್ಕೆ ಮೊದಲು ಕಂಡಿರಲಿಲ್ಲ ಎನ್ನುವವರಲ್ಲಿ ನಾನೂ ಒಬ್ಬ. 2009ರ ಡಿಸೆಂಬರ್ 29ರಂದು, ತಮ್ಮ 70ನೇ ಹುಟ್ಟುಹಬ್ಬದ ದಿನವೇ, ಅಶ್ವತ್ಥ್ ಹೊರಟುಹೋದರು. ಅನಂತಸ್ವಾಮಿಯವರ ಮಗ, ಗಾಯಕ ರಾಜು ಅನಂತಸ್ವಾಮಿ ಅದೇ ವರ್ಷದ ಜನವರಿಯಲ್ಲಿ, ಇನ್ನೂ ಸಣ್ಣ ವಯಸ್ಸಿಗೇ ತೀರಿಕೊಂಡಿದ್ದರು.

ಉಳಿದದ್ದು ಎರಡು ಧಾಟಿ, ಎರಡು ಬಣ. ಸಮಿತಿಗಳು ಕೂತವು. ಎಚ್.ಆರ್. ಲೀಲಾವತಿ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಆದೇಶ ಹೊರಡಿಸಿತು: ಅನಂತಸ್ವಾಮಿಯವರ ಧಾಟಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾ ಮಾಡಿತು. ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಶಾಲೆಯ ಅಂಗಳದಲ್ಲಿ ಸಾವಿರ ಮಕ್ಕಳು ಹಾಡಬೇಕಾದ ಗೀತೆಗೆ ಅನಂತಸ್ವಾಮಿಯವರ ಧಾಟಿಯೇ ಹೊಂದುತ್ತದೆ ಎಂದು ನನಗೂ ಅನ್ನಿಸುತ್ತದೆ. ನೋವು ಯಾವುದೆಂದರೆ, ಎರಡು ಜೀವಮಾನದ ಕೆಲಸ ನ್ಯಾಯಾಲಯದಲ್ಲಿ ವಾದಿ ಪ್ರತಿವಾದಿಗಳ ಹಾಗೆ ಎದುರುಬದುರು ನಿಲ್ಲಬೇಕಾಯಿತು. ಅದೇ ಎರಡು ಕೆಲಸ ಒಂದು ಹಾರ್ಮೋನಿಯಮ್ಮಿನ ಆಚೀಚೆ ಕೂರಬಹುದಿತ್ತು.

*

ಸಿನಿಮಾಕ್ಕೆ ಬಂದರೆ ಕಥೆ ಮದ್ರಾಸಿಗೆ ಹೋಗುತ್ತದೆ. ದಶಕಗಳ ಕಾಲ ಕನ್ನಡ ಚಿತ್ರಗೀತೆಗಳು ಬಹುಪಾಲು ಹುಟ್ಟಿದ್ದು ಅಲ್ಲಿಯ ಧ್ವನಿಮುದ್ರಣ ಮಂದಿರಗಳಲ್ಲಿ. ಮುಂಬಯಿಯ ಗಾಯಕರು ಕನ್ನಡಕ್ಕೆ ಬಂದದ್ದು ಅತಿಥಿಗಳಾಗಿ, ಬಂದಷ್ಟೇ ಬೇಗ ಹೊರಟರು. ಲತಾ ಮಂಗೇಶ್ಕರ್ 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ಕ್ಕೆ ಹಾಡಿದರು. ಅದೇ ವರ್ಷ ‘ಒಂದೇ ಬಳ್ಳಿಯ ಹೂಗಳು’ ಚಿತ್ರದಲ್ಲಿ ಸತ್ಯಂ ಸಂಗೀತಕ್ಕೆ ಮಹಮ್ಮದ್ ರಫಿ. 1972ರ ‘ಕುಳ್ಳ ಏಜೆಂಟ್ 000’ ಚಿತ್ರದಲ್ಲಿ ರಾಜನ್-ನಾಗೇಂದ್ರರಿಗೆ ಕಿಶೋರ್ ಕುಮಾರ್. ರಾಜನ್-ನಾಗೇಂದ್ರರ ಇಂಪಾದ ಪ್ರೇಮಗೀತೆಗಳನ್ನು ಕೇಳುವಾಗ ಈ ಧಾಟಿ ಲತಾ ಅವರ ಕಂಠಕ್ಕೆ ಸಿಕ್ಕಿದ್ದರೆ ಎಂದು ಯೋಚಿಸದವರು ಕಡಿಮೆ. ಮೈಸೂರಿನ ಸೋದರರು ಮದ್ರಾಸಿನಲ್ಲಿ, ಲತಾ ಮುಂಬಯಿಯಲ್ಲಿ. ಒಂದೇ ಹಾಡಿಗಾಗಿ ವಿಮಾನ ಹತ್ತುವ ಬಜೆಟ್ಟು ಕನ್ನಡ ನಿರ್ಮಾಪಕನ ಕೈಯಲ್ಲಿ ಸಾಮಾನ್ಯವಾಗಿ ಇರಲಿಲ್ಲ.

ಆದರೆ ಮದ್ರಾಸಿನೊಳಗೇ, ಒಂದೇ ಸೂರಿನಡಿ ಇದ್ದ ಇಬ್ಬರ ವಿಷಯ ನನ್ನ ವಾದಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಅದಕ್ಕೇ ಅದನ್ನು ಹೇಳಬೇಕು. ಜಿ.ಕೆ. ವೆಂಕಟೇಶ್ ಅವರು ರಾಜ್‌ಕುಮಾರ್ ಚಿತ್ರಗಳ ದೊಡ್ಡ ಸಂಗೀತ ನಿರ್ದೇಶಕರು. 1966ರ ‘ಸಂಧ್ಯಾರಾಗ’ದಲ್ಲಿ ಪಂಡಿತ್ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಇಬ್ಬರನ್ನೂ ಹಾಡಿಸಿದವರು. ಅನಕೃ ಕಾದಂಬರಿಯ ಸಂಗೀತಗಾರನ ಪಾತ್ರ, ರಾಜ್‌ಕುಮಾರ್ ಅಭಿನಯ, ಭೀಮಸೇನರ ಕಂಠ. ಕನ್ನಡದಲ್ಲಿ ಆದ ಅಪರೂಪದ ಕೂಟಗಳಲ್ಲಿ ಅದು ಒಂದು. ಇದೇ ವೆಂಕಟೇಶ್ ಅವರ ಬಳಿ ಮುಂದೆ ಗಿಟಾರ್ ನುಡಿಸುತ್ತ, ಸಹಾಯಕನಾಗಿ ದುಡಿಯುತ್ತ ಕನ್ನಡ ಚಿತ್ರಗಳ ಕೆಲಸದಲ್ಲೇ ಪಳಗಿದ ಯುವಕ ಇಳಯರಾಜ. 1976ರ ‘ಅನ್ನಕ್ಕಿಳಿ’ಯಿಂದ ಆತ ತಮಿಳುನಾಡಿನ ಮನೆಮಾತು. ಇತ್ತ 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದರು. ಒಬ್ಬ ಮಹಾ ಗಾಯಕ-ನಟ, ಒಬ್ಬ ಮಹಾ ಸಂಯೋಜಕ, ಪರಸ್ಪರ ಪರಿಚಯವಿದ್ದವರು, ಒಂದೇ ಊರಿನಲ್ಲಿದ್ದವರು. ಎಷ್ಟು ಚಿತ್ರಗಳಾಗಬೇಕಿತ್ತು?

ಆದದ್ದು ಒಂದು. 1981ರ ‘ನೀ ನನ್ನ ಗೆಲ್ಲಲಾರೆ’. ರಾಜ್‌ಕುಮಾರ್ ನಾಯಕರಾದ ಚಿತ್ರಕ್ಕೆ ಇಳಯರಾಜ ಸಂಗೀತ ಕೊಟ್ಟದ್ದು ಅದೊಂದೇ. ಆ ಚಿತ್ರದ ಯುಗಳಗೀತೆಗಳನ್ನು ಕೇಳಿದರೆ ಕಳೆದುಕೊಂಡದ್ದು ಎಷ್ಟೆಂದು ಅಂದಾಜಾಗುತ್ತದೆ. ಇಳಯರಾಜರ ಪಿಟೀಲುಗಳು ಹಾಡಿನ ಅಡಿಯಲ್ಲಿ ಸದಾ ಓಡಾಡುತ್ತಿರುತ್ತವೆ. ಅದರ ಮೇಲೆ ರಾಜ್‌ಕುಮಾರ್, ರಂಗಭೂಮಿಯಲ್ಲಿ ಪಳಗಿದ ಉಚ್ಚಾರ, ಒಂದು ಅಕ್ಷರವೂ ನುಂಗಿಹೋಗದ ಹಾಗೆ. ಎಸ್. ಜಾನಕಿ ಜೊತೆಗೆ. ಇಂಥದು ಇನ್ನೂ ಹತ್ತಾದರೂ ಬರಬೇಕಿತ್ತು.

ಯಾಕೆ ಬರಲಿಲ್ಲ? ಜಗಳದ ಕಥೆ ನಾನು ನಂಬುವುದಿಲ್ಲ. ಎಂಬತ್ತರ ದಶಕದಲ್ಲಿ ಇಳಯರಾಜ ವರ್ಷವೊಂದಕ್ಕೆ ಮುಗಿಸುತ್ತಿದ್ದ ಚಿತ್ರಗಳ ಸಂಖ್ಯೆ ನೋಡಿದರೆ ಬೆಳಿಗ್ಗೆ ಒಂದು, ಸಂಜೆ ಒಂದು ಧ್ವನಿಮುದ್ರಣ. ರಾಜ್‌ಕುಮಾರ್ ಬಳಗಕ್ಕೆ ಉಪೇಂದ್ರ ಕುಮಾರ್, ರಾಜನ್-ನಾಗೇಂದ್ರ, ಎಂ. ರಂಗರಾವ್, ಟಿ.ಜಿ. ಲಿಂಗಪ್ಪ ಇದ್ದರು, ಕೊರತೆಯೇ ಇರಲಿಲ್ಲ. ಸೂರು ಇತ್ತು, ಬಿಡುವು ಇರಲಿಲ್ಲ. ಒಬ್ಬರಿಗೊಬ್ಬರು ಬೇಕೇಬೇಕು ಎನ್ನಿಸುವ ಹಸಿವೂ ಆಗ ಹುಟ್ಟಿರಲಿಕ್ಕಿಲ್ಲ.

*

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಆಗದ ಕೂಟ ಇಬ್ಬರು ಮನುಷ್ಯರದ್ದಲ್ಲ. ಒಬ್ಬನೇ ಮನುಷ್ಯನೊಳಗಿನ ಎರಡು ಸಂಗೀತಗಳದ್ದು.

ಜಯಚಾಮರಾಜ ಒಡೆಯರ್ 1919ರಲ್ಲಿ ಹುಟ್ಟಿದರು. ಹುಡುಗನಿಗೆ ಪಿಯಾನೊ ಹುಚ್ಚು. ಕಛೇರಿ ನುಡಿಸುವ ಪಿಯಾನೊ ವಾದಕನಾಗಬೇಕೆಂಬ ಕನಸು. 1940ರಲ್ಲಿ ಮೊದಲು ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ಆಮೇಲೆ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಇಪ್ಪತ್ತೊಂದರ ವಯಸ್ಸಿಗೆ ಸಿಂಹಾಸನ. ಕನಸು ಅಲ್ಲಿಗೆ ನಿಂತಿತು, ಹುಚ್ಚು ನಿಲ್ಲಲಿಲ್ಲ. ಅವರ ಗ್ರಾಮಫೋನ್ ತಟ್ಟೆಗಳ ಸಂಗ್ರಹ ಸುಮಾರು 20,000 ಎಂದು ಆ ಕಾಲದ ಅಂದಾಜು. ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಅವರನ್ನು ಮೈಸೂರಿಗೆ ಕರೆಸಿಕೊಂಡರು. ಲೆಗ್ ಆಗತಾನೆ ಕಟ್ಟಿದ್ದ ಫಿಲ್ಹಾರ್ಮೋನಿಯ ಆರ್ಕೆಸ್ಟ್ರಾಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಒಪ್ಪಿದರು. ದೇಶ ಬಿಟ್ಟು ಬಂದು ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಿದ್ದು ಮೈಸೂರಿನ ಹಣದಿಂದ. ಕೃತಜ್ಞತೆಯಿಂದ ಆತ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಗೀತೆಗಳು’ ಮೊದಲ ಬಾರಿಗೆ ಕೇಳಿಬಂದವು. ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಗಾಯನ, ಫುರ್ಟ್‌ವೆಂಗ್ಲರ್ ನಿರ್ದೇಶನ. ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತದಲ್ಲಿ ಅದು ದೊಡ್ಡ ಸಂಜೆ. ಖರ್ಚಿಗೆ 4,800 ಡಾಲರಿನ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರ್. ಅವರು ಸಭೆಯಲ್ಲಿ ಇರಲಾಗಲಿಲ್ಲ. ಆ ಹಾಡುಗಳನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಿ ಎಂಬುದು ಅವರ ಕೋರಿಕೆ. ಸ್ಟ್ರಾಸ್ ಕೂಡ ಇರಲಿಲ್ಲ. ಹಿಂದಿನ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದ.

ಇದೇ ಮನುಷ್ಯ, ಇದೇ ದಶಕದಲ್ಲಿ, ಮೈಸೂರು ವಾಸುದೇವಾಚಾರ್ಯರ ಒಡನಾಟದಲ್ಲಿ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದರು. ದೇವಿಯ ಉಪಾಸಕ, ಅಪರೂಪದ ರಾಗಗಳನ್ನು ಹುಡುಕಿ ಬಳಸಿದವರು. ಎಡಗೈಯಲ್ಲಿ ಮೆಟ್ನರ್, ಬಲಗೈಯಲ್ಲಿ ವಾಸುದೇವಾಚಾರ್ಯ. ಆದರೆ ಅವರ ಹಣದಿಂದ ಫಿಲ್ಹಾರ್ಮೋನಿಯ ಧ್ವನಿಮುದ್ರಿಸಿದ ಪಟ್ಟಿಯಲ್ಲಿ ಮೆಟ್ನರ್ ಇದ್ದಾನೆ, ಬಾಲಕಿರೆವ್ ಇದ್ದಾನೆ, ರೂಸೆಲ್ ಇದ್ದಾನೆ. ಶ್ರೀವಿದ್ಯಾ ಅಂಕಿತದ ಒಂದು ಕೃತಿಯೂ ಇಲ್ಲ. ನೂರು ಜನರ ವಾದ್ಯವೃಂದವನ್ನು ಸಾಕಿದ ದೊರೆ ತನ್ನ ಒಂದು ರಾಗವನ್ನು ಅದರ ಮುಂದೆ ಇಡಲಿಲ್ಲ. ಅದು ಸಂಕೋಚವೋ, ಎರಡೂ ಸಂಪ್ರದಾಯಗಳ ಮೇಲಿನ ಗೌರವವೋ. ಎರಡನ್ನೂ ಆಳವಾಗಿ ಬಲ್ಲವನಿಗೇ ಅವುಗಳ ನಡುವಿನ ಹಳ್ಳದ ಆಳ ಗೊತ್ತಿರುತ್ತದೆ. ಬೆರಕೆ ಮಾಡಲು ಅವನೇ ಹೆಚ್ಚು ಹಿಂಜರಿಯುತ್ತಾನೆ ಎಂದು ನನ್ನ ಊಹೆ. ಅಷ್ಟರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು, ಖಜಾನೆ ಕೈಬಿಟ್ಟಿತು. 1951ರಲ್ಲಿ ಮೆಟ್ನರ್ ಸತ್ತ.

ಆದರೂ ಅರಮನೆಯಲ್ಲಿ ಬಿದ್ದ ಬೀಜ ಮೊಳೆತದ್ದು ಇನ್ನೆಲ್ಲೋ. ಬಂಟ್ವಾಳದ ಕಡೆಯ ನಾಗಸ್ವರ ಮನೆತನದ ಹುಡುಗನೊಬ್ಬ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಆ ಲೋಹದ ವಾದ್ಯಕ್ಕೆ ಕರ್ನಾಟಕ ಸಂಗೀತದ ಗಮಕ ಕಲಿಸಲು ವರ್ಷಗಟ್ಟಲೆ ಹೆಣಗಿದ. ಕದ್ರಿ ಗೋಪಾಲನಾಥ್. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನಾಡ್ ಕಛೇರಿಗೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರೇ. ಮುಂದೆ ಕರ್ನಾಟಕ ಮೂಲದ ಕುಟುಂಬದ, ಅಮೆರಿಕದಲ್ಲಿ ಬೆಳೆದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ 2008ರಲ್ಲಿ ಹೊರಬಂತು. ರುದ್ರೇಶ್‌ಗೆ ಕದ್ರಿಯವರ ತಟ್ಟೆ ಮೊದಲು ಸಿಕ್ಕಿದ್ದು ಅಣ್ಣ ತಮಾಷೆಗೆ ಕೊಟ್ಟ ಉಡುಗೊರೆಯಾಗಿ. ತಮಾಷೆ ಸಂಗೀತವಾಗಲು ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಮುಂದೆ ಬಂದು, ಇಬ್ಬರೂ ಸೇರಿ ಹೊಸದು ಕಟ್ಟಿ ಎಂದು ಕೆಲಸ ವಹಿಸಬೇಕಾಯಿತು. ಯಾರೋ ಒಬ್ಬರು ಜಾಗ ಕೊಟ್ಟರು, ಹೊತ್ತು ಕೊಟ್ಟರು.

ಬೆಂಗಳೂರಿನಲ್ಲಿಯೇ ಇಂಥ ಜಾಗ ಒಂದಿತ್ತು. 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ದಂಪತಿ ಅದನ್ನು ನಡೆಸಿದರು. ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ಬೆರೆತರು. 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ‘ಜ್ಯೋತಿ’ ಧ್ವನಿಮುದ್ರಿಕೆ ತಂದಿತು. ರಮಾಮಣಿಯವರ ಗಾಯನ, ತಾಳದ ಲೆಕ್ಕ ತಪ್ಪದ ಮರಿಯಾನೊ. ಜಾಝ್ ಬಲ್ಲ ಯುರೋಪಿನ ಕೇಳುಗರು ಇಂದಿಗೂ ಹುಡುಕಿ ಕೇಳುವ ಈ ಕೆಲಸ ಬೆಂಗಳೂರಿನವರಿಗೇ ಅಷ್ಟಾಗಿ ಗೊತ್ತಿಲ್ಲದಿರುವುದು ನನಗೆ ಬಹಳ ಬೇಸರ ತರುತ್ತದೆ.

*

ಈಗ ಜಾಗವೇ ಬೇಕಿಲ್ಲ, ಕಂಪ್ಯೂಟರ್ ಸಾಕು ಎನ್ನಬಹುದು. ಬೆಂಗಳೂರಿನ ರಿಕಿ ಕೇಜ್ ಮತ್ತು ‘ದಿ ಪೊಲೀಸ್’ ತಂಡದ ಡ್ರಮ್ಮರ್ ಸ್ಟೂವರ್ಟ್ ಕೋಪ್ಲೆಂಡ್ ಕೊರೊನಾ ಕಾಲದಲ್ಲಿ ದೂರದಿಂದಲೇ ಕೆಲಸ ಮಾಡಿ ‘ಡಿವೈನ್ ಟೈಡ್ಸ್’ ತಂದರು, 2022ರಲ್ಲಿ ಗ್ರ್ಯಾಮಿ ಗೆದ್ದರು. ಅದೇ ಕೇಜ್ 2023ರ ಆಗಸ್ಟ್‌ನಲ್ಲಿ ಲಂಡನ್ನಿನ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದ 100 ಜನರಿಂದ ನಮ್ಮ ರಾಷ್ಟ್ರಗೀತೆ ನುಡಿಸಿ ಬಿಡುಗಡೆ ಮಾಡಿದರು. ಜಯಚಾಮರಾಜರು ಇಡದ ಹೆಜ್ಜೆಯನ್ನು ಬೆಂಗಳೂರಿಗರೊಬ್ಬರು ಹೀಗೆ ಇಟ್ಟರು ಎಂದು ನನಗೆ ಹೆಮ್ಮೆ. ಆದರೂ, ಸಿದ್ಧವಾದ ಸಂಗೀತವನ್ನು ದೂರದಲ್ಲಿದ್ದವರು ಹಂಚಿಕೊಂಡು ನುಡಿಸುವುದು ಒಂದು. ಇನ್ನೂ ಏನೂ ಇಲ್ಲದಾಗ, ಒಬ್ಬ ಗುನುಗಿದ್ದನ್ನು ಇನ್ನೊಬ್ಬ ತಿದ್ದಿ, ಮೊದಲಿನವನು ಮುನಿದು, ಕಾಫಿ ಕುಡಿದು, ಮತ್ತೆ ಕೂರುವುದು ಇನ್ನೊಂದು. ಎರಡನೆಯದಕ್ಕೆ ಕೋಣೆ ಬೇಕು.

ಇದನ್ನು ಹೇಳುವಾಗ ನನಗೆ ನೆನಪಾಗುವುದು 2008. ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಧ್ವನಿಮುದ್ರಿಕೆ ಬಂದ ವರ್ಷ. ಅದರಲ್ಲಿ ಷರೀಫರ ಪದವಿತ್ತು, ಗಿಟಾರ್ ಮತ್ತು ಪಿಟೀಲಿನ ಜೊತೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದ್ದ, ಕನ್ನಡ ಪದ್ಯ ಓದಿ ಗೊತ್ತಿಲ್ಲದ ಎಷ್ಟೋ ಹುಡುಗ ಹುಡುಗಿಯರು ಷರೀಫರನ್ನು ಕೇಳಿದ್ದು ಆ ದನಿಯಲ್ಲಿ. ಅವರಿಗಿಂತ ಹಿಂದಿನ ತಲೆಮಾರು ಕೇಳಿದ್ದು ಅಶ್ವತ್ಥ್ ದನಿಯಲ್ಲಿ. ಅಶ್ವತ್ಥ್ ಆಗ ಇದ್ದರು. ಇನ್ನೂ ಸುಮಾರು ಎರಡು ವರ್ಷ ಇರಲಿದ್ದರು. ಇಬ್ಬರೂ ಸೇರಿ ಷರೀಫರನ್ನು ಹಾಡಿದ ಒಂದು ಧ್ವನಿಮುದ್ರಿಕೆ ನಮ್ಮ ಬಳಿ ಇಲ್ಲ. ದೂರವಾಣಿನಗರದ ಕಾರ್ಖಾನೆಯ ಅಧಿಕಾರಿ ಮತ್ತು ಕ್ಯಾಂಪಸ್ ಉತ್ಸವಗಳ ಗಾಯಕ ಒಂದು ಸಂಜೆ ಕೂತಿದ್ದರೆ, ಷರೀಫರ ಒಂದೇ ಪದವನ್ನು ಅವರು ಹೇಗೆ ಹಂಚಿಕೊಳ್ಳುತ್ತಿದ್ದರು? ಮೇಲಿನ ಸ್ಥಾಯಿ ಅಶ್ವತ್ಥ್‌ಗೆ ಬಿಟ್ಟು ರಘು ಕೆಳಗೆ ನಿಲ್ಲುತ್ತಿದ್ದರೋ, ಇಬ್ಬರೂ ಮೇಲಕ್ಕೇ ಹೋಗುತ್ತಿದ್ದರೋ.

ಐಟಿಐನ ಕಾಲ ಮತ್ತೆ ಬರುವುದಿಲ್ಲ. ಜಾಲಹಳ್ಳಿಯಲ್ಲಿ ಕೈಗಡಿಯಾರ ತಯಾರಾಗುವುದು ನಿಂತಿದೆ. ಆದರೆ ಹೊರವಲಯದಲ್ಲಿ ಕಟ್ಟಡಗಳಿಗೆ ಬರವಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಓಡುತ್ತಿದೆ, ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗ ಅದಕ್ಕೂ ಮೊದಲೇ ಹೋಗಿದೆ. ಕಂಪನಿಗಳ ಆವರಣದಲ್ಲಿ ಸಾವಿರ ಆಸನದ ಸಭಾಂಗಣಗಳಿವೆ, ವಾರಾಂತ್ಯಕ್ಕೆ ಖಾಲಿ. ವರ್ಷಕ್ಕೆ ಇಬ್ಬರನ್ನು ಕರೆದು, ಒಂದು ತಿಂಗಳು ಕೋಣೆ ಮತ್ತು ಊಟ ಕೊಟ್ಟು, ಫಲವೇನೆಂದು ಕೇಳದೆ ಬಿಡುವ ಕಂಪನಿ ಒಂದಾದರೂ ಇಲ್ಲಿ ಹುಟ್ಟಬೇಕು. ಮಹಾರಾಜರು ಕೊಟ್ಟ ಮೊತ್ತದ ಮುಂದೆ ಇದು ಏನೂ ಅಲ್ಲ.

ಪೀಣ್ಯದಲ್ಲಿ ಅಷ್ಟೂ ಕಾಯಬೇಕಿಲ್ಲ. ಅಲ್ಲಿ ನವೆಂಬರ್ ಬಂತೆಂದರೆ ಅಡ್ಡರಸ್ತೆಗೊಂದು ಪೆಂಡಾಲು, ಕೆಂಪು ಹಳದಿ ಬಾವುಟ, ಧ್ವಜಾರೋಹಣ, ಸಂಜೆಗೆ ಆರ್ಕೆಸ್ಟ್ರಾ. ಲೇತ್ ಮಷೀನಿನ ಮುಂದೆ ದಿನವಿಡೀ ನಿಂತವರು ಕುಟುಂಬ ಸಮೇತ ಬಂದು ಕೂರುತ್ತಾರೆ. ಬೆಳಿಗ್ಗೆಯ ಸಮಾರಂಭದಲ್ಲಿ ನಾಡಗೀತೆ ಆದೇಶದಂತೆ ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಆಗಲಿ. ಸಂಜೆಯ ಕಾರ್ಯಕ್ರಮಕ್ಕೆ ಮಾತ್ರ ಸಂಘದವರು ಅನಂತಸ್ವಾಮಿ ಪರಂಪರೆಯ ಒಬ್ಬರನ್ನು, ಅಶ್ವತ್ಥ್ ಪರಂಪರೆಯ ಒಬ್ಬರನ್ನು ಒಟ್ಟಿಗೇ ಕರೆಯಲಿ. ಇಬ್ಬರಿಗೂ ನಿಸಾರರ ಒಂದು ಕವಿತೆ, ಷರೀಫರ ಒಂದು ಪದ ಕೊಟ್ಟು, ಒಂದು ವಾರ ಮೊದಲೇ ತಾಲೀಮಿಗೆ ಸಂಘದ ಕಚೇರಿಯ ಬೀಗದ ಕೈ ಒಪ್ಪಿಸಲಿ.